ಟೆನ್ಷನ್ ಎಂದರೆ ಸಾಲದು: ಒತ್ತಡವನ್ನು ಇಂಗ್ಲಿಷ್‌ನಲ್ಲಿ ಹೇಳುವ ಬಗೆ

ಕೆಲವು ವರ್ಷಗಳ ಹಿಂದೆ, ಒಂದು ತಿಂಗಳ ಕೊನೆಯ ದಿನ. ಮೂರು ವರದಿಗಳು ಅಂದೇ ಹೋಗಬೇಕಿತ್ತು, ಮನೆಯಲ್ಲಿ ಮಗಳಿಗೆ ಜ್ವರ. ಲಂಡನ್‌ನಲ್ಲಿದ್ದ ಮೇಲಧಿಕಾರಿ ವಿಡಿಯೊ ಕರೆಯಲ್ಲಿ ಹೇಗಿದ್ದೀರಿ ಎಂದು ಕೇಳಿದರು. ನಾನು ಹಿಂದುಮುಂದು ನೋಡದೆ ‘ಲಾಟ್ ಆಫ್ ಟೆನ್ಷನ್ ಇನ್ ದ ಟೀಮ್’ ಎಂದುಬಿಟ್ಟೆ. ಅವರ ಮುಖ ಗಂಭೀರವಾಯಿತು, ಧ್ವನಿ ತಗ್ಗಿತು. ಮರುದಿನ ನನಗೂ ಪಕ್ಕದ ಮೇಜಿನ ಸಹೋದ್ಯೋಗಿಗೂ ರಾಜಿ ಮಾಡಿಸುವ ಸಭೆಯೊಂದಕ್ಕೆ ಆಹ್ವಾನ ಬಂತು. ನಮ್ಮಿಬ್ಬರ ನಡುವೆ ಜಗಳವೇ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿಂದಿದ್ದೆವು.

ತಪ್ಪು ಅವರದಲ್ಲ. ಅವರ ಇಂಗ್ಲಿಷ್‌ನಲ್ಲಿ ಟೆನ್ಷನ್ ಎಂಬುದು ಇಬ್ಬರ ನಡುವೆ ಇರುತ್ತದೆ, ಎರಡು ದೇಶಗಳ ಗಡಿಯಲ್ಲಿ ಇರುತ್ತದೆ, ಬಿಗಿದ ಹಗ್ಗದಲ್ಲಿ ಇರುತ್ತದೆ. ನಮ್ಮಲ್ಲಿ ಅದು ಪರೀಕ್ಷೆಗೂ ಸೈ, ಛತ್ರದ ಬಾಡಿಗೆಗೂ ಸೈ, ಮೆಜೆಸ್ಟಿಕ್‌ನಲ್ಲಿ ಬಸ್ ತಪ್ಪಿದ್ದಕ್ಕೂ ಸೈ. ‘ಡೋಂಟ್ ಟೇಕ್ ಟೆನ್ಷನ್’ ಎಂದರೆ ಭಾರತದಲ್ಲಿ ಯಾರಿಗಾದರೂ ಅರ್ಥವಾಗುತ್ತದೆ. ಅದನ್ನು ತಪ್ಪೆಂದು ಹಳಿಯುವ ಇಂಗ್ಲಿಷ್ ಮೇಷ್ಟರ ಪೈಕಿ ನಾನಲ್ಲ. ಆದರೆ ಕೇಳುವವರು ಲಂಡನ್, ಟೊರಾಂಟೊ, ಸಿಡ್ನಿಯಲ್ಲಿದ್ದಾಗ ಒಂದೇ ಪದದಿಂದ ಕೆಲಸ ನಡೆಯುವುದಿಲ್ಲ. ಎಷ್ಟು ಒತ್ತಡ, ಎಲ್ಲಿಂದ ಬಂದದ್ದು, ನಮಗೆ ಅವರಿಂದ ಏನಾಗಬೇಕು ಎಂಬ ಮೂರನ್ನೂ ಅವರ ನುಡಿಗಟ್ಟುಗಳು ಒಟ್ಟಿಗೇ ಸೂಚಿಸುತ್ತವೆ. ಆದ್ದರಿಂದ ನುಡಿಗಟ್ಟುಗಳನ್ನು ಉರುಹೊಡೆಯುವುದಕ್ಕಿಂತ ಆರಿಸುವುದನ್ನು ಕಲಿಯಬೇಕು.

ಹಂತ 1: ‘ನನಗೆ’ ಎಂಬುದನ್ನು ಬಿಟ್ಟು ಬನ್ನಿ

ಕನ್ನಡದಲ್ಲಿ ಕಷ್ಟ ತಾನಾಗಿ ನಮ್ಮ ಬಳಿಗೆ ಬರುತ್ತದೆ. ನನಗೆ ಹಸಿವಾಗುತ್ತದೆ, ನನಗೆ ಭಯವಾಗುತ್ತದೆ, ನನಗೆ ಟೆನ್ಷನ್ ಆಗುತ್ತದೆ. ನಾವು ಚತುರ್ಥಿ ವಿಭಕ್ತಿಯಲ್ಲಿ ಸುಮ್ಮನೆ ಕುಳಿತಿರುತ್ತೇವೆ. ಇಂಗ್ಲಿಷ್‌ನಲ್ಲಿ ಮನುಷ್ಯನೇ ಕರ್ತೃಸ್ಥಾನಕ್ಕೆ ಬರಬೇಕು. ‘ಐ ಆ್ಯಮ್ ಹ್ಯಾವಿಂಗ್ ಟೆನ್ಷನ್’, ‘ಫಾರ್ ಮಿ ಸ್ಟ್ರೆಸ್ ಈಸ್ ದೇರ್’ ಎಂಬ ವಾಕ್ಯಗಳೆಲ್ಲ ಆ ‘ನನಗೆ’ಯನ್ನು ಗಡಿ ದಾಟಿಸಲು ಹೋಗಿ ಹುಟ್ಟಿದವು.

ಮೊದಲು ಮೂರು ಅಚ್ಚುಗಳನ್ನು ಕೈಗೆ ಕೂರಿಸಿಕೊಳ್ಳಿ. ನನ್ನ ಸ್ಥಿತಿ ಹೇಳಲು ‘ಐ ಆ್ಯಮ್ ಸ್ಟ್ರೆಸ್ಡ್’. ಮೇಲಿನಿಂದ ಭಾರ ಬಿದ್ದಿದೆ ಎನ್ನಲು ‘ಐ ಆ್ಯಮ್ ಅಂಡರ್ ಪ್ರೆಶರ್’. ಕೆಲಸವೇ ಅಂಥದ್ದು ಎನ್ನಲು ‘ಮೈ ಜಾಬ್ ಈಸ್ ಸ್ಟ್ರೆಸ್‌ಫುಲ್’. ಮೊದಲನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಬೇಡಿ. ‘ಐ ಆ್ಯಮ್ ಸ್ಟ್ರೆಸ್‌ಫುಲ್’ ಎಂದರೆ ನಾನೇ ಉಳಿದವರ ಪಾಲಿನ ತಲೆನೋವು ಎಂದು ಒಪ್ಪಿಕೊಂಡಂತೆ. ‘ಹೆಕ್ಟಿಕ್’ ಎಂಬ ನಮ್ಮ ಅಚ್ಚುಮೆಚ್ಚಿನ ಪದಕ್ಕೂ ಇದೇ ನಿಯಮ: ದಿನ ಹೆಕ್ಟಿಕ್, ವಾರ ಹೆಕ್ಟಿಕ್, ಮನುಷ್ಯ ಹೆಕ್ಟಿಕ್ ಅಲ್ಲ.

‘ಅಂಡರ್’ ಏಕೆ, ‘ಇನ್’ ಏಕಲ್ಲ ಎಂದು ಕೇಳುವವರಿದ್ದಾರೆ. ಸ್ಟ್ರೆಸ್, ಸ್ಟ್ರೇನ್, ಪ್ರೆಶರ್ ಮೂರೂ ಎಂಜಿನಿಯರುಗಳ ಪರಿಭಾಷೆಯಲ್ಲಿ ಬೇರೂರಿದ ಪದಗಳು. ಭಾರ ಹೊತ್ತ ತೊಲೆಯೊಳಗೆ ಏನಾಗುತ್ತದೆ ಎಂಬುದರ ಲೆಕ್ಕ ಅದು. ಹಂಗೇರಿ ಮೂಲದ ಹಾನ್ಸ್ ಸೆಲ್ಯೆ 1936ರಲ್ಲಿ ಮಾಂಟ್ರಿಯಲ್‌ನಿಂದ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಬಗೆಬಗೆಯ ಹಾನಿಗಳಿಗೆ ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ ಎಂಬುದು ಅದರ ತಿರುಳು. ಅಲ್ಲಿಂದ ಮುಂದುವರಿದ ಅವರ ಸಂಶೋಧನೆಯೇ ಸ್ಟ್ರೆಸ್ ಎಂಬ ಪದವನ್ನು ಮನುಷ್ಯರ ಮೈಗೆ ಅಂಟಿಸಿ ಮನೆಮಾತಾಗಿಸಿತು. ತೊಲೆಯನ್ನು ಕಣ್ಣ ಮುಂದೆ ಇಟ್ಟುಕೊಂಡರೆ ‘ಅಂಡರ್’ ಮರೆಯುವುದಿಲ್ಲ.

ಇನ್ನು ಸಣ್ಣಪುಟ್ಟ ಎಚ್ಚರಗಳು. ಸ್ಟ್ರೆಸ್ ಎಣಿಸುವ ವಸ್ತುವಲ್ಲ, ಆದ್ದರಿಂದ ‘ಮೆನಿ’ ಬೇಡ, ‘ಎ ಲಾಟ್ ಆಫ್ ಸ್ಟ್ರೆಸ್’ ಎನ್ನಿ. ‘ಐ ಹ್ಯಾವ್ ಪ್ರೆಶರ್’ ಎಂದರೆ ಊರಿನಲ್ಲಿ ಬಿಪಿ ಎಂದುಕೊಂಡು ಉಪ್ಪು ಕಡಿಮೆ ಮಾಡಿ ಎನ್ನುತ್ತಾರೆ, ಹೊರಗಿನವರಿಗೆ ಏನೂ ಅರ್ಥವಾಗುವುದಿಲ್ಲ. ಉಚ್ಚಾರಣೆಯಲ್ಲಿ ಸ್ಟ್ರೆಸ್ಡ್ ಒಂದೇ ಉಸಿರಿನ ಪದ, ಕೊನೆಯಲ್ಲಿ ಕೇಳಿಸುವುದು ‘ಟ್’. ‘ಸ್ಟ್ರೆಸ್ಸೆಡ್’ ಎಂದು ಎಳೆಯಬಾರದು. ‘ಎಕ್ಸಾಸ್ಟೆಡ್’ ಪದದ ನಡುವೆ ಹಕಾರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ.

ಹಂತ 2: ನಿಮ್ಮ ಒತ್ತಡ ಯಾವ ಜಾತಿಯದು ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ. ಕೆಲಸ ಹೆಚ್ಚಾಗಿದೆ ಎನ್ನುವುದು ಬೇರೆ, ಆ ಕೆಲಸ ಮಾಡಲು ನನಗೆ ಬರುವುದಿಲ್ಲ ಎನ್ನುವುದು ಬೇರೆ. ಕನ್ನಡದಲ್ಲಿ ಎರಡಕ್ಕೂ ‘ಕೈಯಲ್ಲಿ ಆಗುತ್ತಿಲ್ಲ’ ಎಂದು ದಾಟಿಕೊಳ್ಳಬಹುದು. ಇಂಗ್ಲಿಷ್‌ನಲ್ಲಿ ಎರಡಕ್ಕೂ ಬೇರೆ ಬೇರೆ ನುಡಿಗಟ್ಟುಗಳಿವೆ, ಮತ್ತು ಎರಡಕ್ಕೂ ನೀರಿನ ಚಿತ್ರವೇ ಇರುವುದರಿಂದ ಗೊಂದಲ ಸುಲಭ.

ಕೆಲಸದ ಪ್ರಮಾಣ ಹೆಚ್ಚಿದ್ದರೆ ‘ಐ ಆ್ಯಮ್ ಸ್ವಾಂಪ್ಡ್’. ದೋಣಿಗೆ ನೀರು ನುಗ್ಗಿ ತುಂಬಿಕೊಂಡ ಚಿತ್ರ. ‘ಅಪ್ ಟು ಮೈ ಇಯರ್ಸ್ ಇನ್ ವರ್ಕ್’ ಎಂದರೆ ಕಿವಿಯವರೆಗೂ ಕೆಲಸ, ನಮ್ಮ ಕುತ್ತಿಗೆಮಟ್ಟಕ್ಕಿಂತ ಒಂದು ಗೇಣು ಮೇಲೆ. ‘ಸ್ನೋಡ್ ಅಂಡರ್’ ಬ್ರಿಟನ್ನಿನಲ್ಲಿ ಹೆಚ್ಚು ಕೇಳಿಬರುತ್ತದೆ, ಹಿಮವನ್ನೇ ಕಾಣದ ಕಲಬುರಗಿಯವರೂ ನಿಶ್ಚಿಂತೆಯಿಂದ ಬಳಸಬಹುದು.

ಕೆಲಸ ನಿಮ್ಮ ಅಳವಿಗೆ ಮೀರಿದ್ದರೆ ‘ಐ ಆ್ಯಮ್ ಔಟ್ ಆಫ್ ಮೈ ಡೆಪ್ತ್’ ಅಥವಾ ‘ಇನ್ ಓವರ್ ಮೈ ಹೆಡ್’. ಊರ ಬಾವಿಯಲ್ಲಿ ಈಜು ಕಲಿತವರಿಗೆ ಈ ಅನುಭವ ವಿವರಿಸಬೇಕಾಗಿಲ್ಲ: ಕಾಲು ಚಾಚಿದರೆ ನೆಲ ಸಿಗುವುದಿಲ್ಲ. ವ್ಯತ್ಯಾಸ ಮುಖ್ಯವಾಗುವುದು ಫಲಿತಾಂಶದಲ್ಲಿ. ಸ್ವಾಂಪ್ಡ್ ಎಂದರೆ ಮೇಲಧಿಕಾರಿ ಒಂದು ಕೆಲಸವನ್ನು ಬೇರೆಯವರಿಗೆ ಹಂಚುತ್ತಾರೆ. ಔಟ್ ಆಫ್ ಮೈ ಡೆಪ್ತ್ ಎಂದರೆ ಕಲಿಸಿಕೊಡಲು ಒಬ್ಬರನ್ನು ಜೊತೆಗೆ ಹಾಕುತ್ತಾರೆ, ಇಲ್ಲವೇ ಆ ಕೆಲಸವನ್ನೇ ನಿಮ್ಮಿಂದ ತೆಗೆಯುತ್ತಾರೆ. ಹೊತ್ತು ಸಾಲದೆ ಒದ್ದಾಡುತ್ತಿದ್ದ ಹುಡುಗನೊಬ್ಬ ಎರಡನೆಯದನ್ನು ಹೇಳಿ, ತಾನು ಚೆನ್ನಾಗಿ ಬಲ್ಲ ಕೆಲಸವನ್ನೇ ಕಳೆದುಕೊಂಡದ್ದನ್ನು ನಾನು ಕಂಡಿದ್ದೇನೆ.

ಹಲವು ಜವಾಬ್ದಾರಿಗಳು ಒಟ್ಟಿಗೆ ಬಂದಿದ್ದರೆ ‘ಐ ಹ್ಯಾವ್ ಎ ಲಾಟ್ ಆನ್ ಮೈ ಪ್ಲೇಟ್’. ಕಚೇರಿ, ಅಮ್ಮನ ಆಸ್ಪತ್ರೆ, ಮನೆ ಬದಲಾವಣೆ ಎಲ್ಲ ಸೇರಿ. ಇದು ದೂರಿನ ಧಾಟಿಯಿಲ್ಲದ, ಯಾರ ಮುಂದೆಯೂ ಹೇಳಬಹುದಾದ ಮಾತು. ನಮ್ಮವರು ‘ತಟ್ಟೆಯಲ್ಲಿ’ ಎಂಬ ಸಪ್ತಮಿಯ ಗುಂಗಿನಲ್ಲಿ ‘ಇನ್ ಮೈ ಪ್ಲೇಟ್’ ಎನ್ನುತ್ತಾರೆ, ‘ಆನ್’ ಆಗಬೇಕು. ನಮಗೆ ಎಲೆ ತುಂಬ ಬಡಿಸಿದರೆ ಅದು ಉಪಚಾರ. ಇಂಗ್ಲಿಷರ ತಟ್ಟೆ ತುಂಬಿದರೆ ಅದು ಮುಗಿಸಲೇಬೇಕಾದ ಲೆಕ್ಕ.

ಸಮಯದ ಒತ್ತಡಕ್ಕೆ ‘ಟೈಟ್ ಡೆಡ್‌ಲೈನ್’ ಸಾಕು. ಈ ಡೆಡ್‌ಲೈನ್ ಈಗ ಎಷ್ಟು ಸಾಧುವಾಗಿ ಕಾಣುತ್ತದೆಯೋ ಹುಟ್ಟಿನಲ್ಲಿ ಅಷ್ಟೇ ಕ್ರೂರ. ಅಮೆರಿಕದ ಅಂತರ್ಯುದ್ಧದ ಕಾಲ, 1864ರಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಗೋಡೆಯ ಒಳಬದಿಗೆ ಒಂದು ಗೆರೆ ಇತ್ತು. ದಾಟಿದ ಕೈದಿಗೆ ಗುಂಡು. ಮುಂದೆ ಅಮೆರಿಕದ ಪತ್ರಿಕಾ ಕಚೇರಿಗಳು ಈ ಪದವನ್ನು ಗಡುವಿನ ಅರ್ಥದಲ್ಲಿ ಬಳಕೆಗೆ ತಂದವು. ಗಡುವು ಹತ್ತಿರವಾದಾಗ ‘ವಿ ಆರ್ ವರ್ಕಿಂಗ್ ಅಗೇನ್ಸ್ಟ್ ದ ಕ್ಲಾಕ್’ ಎನ್ನಬಹುದು. ಇದರಲ್ಲಿ ಯಾರ ಮೇಲೂ ಆರೋಪವಿಲ್ಲ ಎಂಬುದು ಅನುಕೂಲ.

ಒತ್ತಡ ಒಬ್ಬ ವ್ಯಕ್ತಿಯಿಂದ ಬರುತ್ತಿದ್ದರೆ ‘ಬ್ರೀದಿಂಗ್ ಡೌನ್ ಮೈ ನೆಕ್’: ಹಿಂದೆ ನಿಂತು ಕುತ್ತಿಗೆಯ ಮೇಲೆ ಉಸಿರು ಬಿಡುತ್ತಿದ್ದಾರೆ. ನಾವು ತಲೆಯ ಮೇಲೆ ಕುಳಿತಿದ್ದಾರೆ ಎನ್ನುವ ಕಡೆ ಇದು. ಗೆಳೆಯರ ಬಳಿ ಹೇಳಿ ಹಗುರಾಗಬಹುದು, ಆ ವ್ಯಕ್ತಿಗೆ ಬರೆಯುವ ಮಿಂಚಂಚೆಯಲ್ಲಿ ಮಾತ್ರ ಎಂದಿಗೂ ಬೇಡ. ಒತ್ತಾಯಿಸಿದರು ಎಂಬ ಅರ್ಥಕ್ಕೆ ಬ್ರಿಟಿಷರು ‘ಪ್ರೆಶರೈಸ್’ ಎನ್ನುತ್ತಾರೆ, ಅಮೆರಿಕದವರು ‘ಪ್ರೆಶರ್’ ಎಂಬುದನ್ನೇ ಕ್ರಿಯಾಪದ ಮಾಡುತ್ತಾರೆ. ‘ಪುಟ್ ಪ್ರೆಶರ್ ಆನ್’ ಎಂದರೆ ಎರಡೂ ದಂಡೆಯಲ್ಲಿ ಸಲ್ಲುತ್ತದೆ.

ಇಡೀ ತಂಡದ ಬಗ್ಗೆ ಹೇಳುವಾಗ ‘ವಿ ಆರ್ ಸ್ಟ್ರೆಚ್ಡ್ ಥಿನ್’. ಒಂದು ಉಂಡೆ ಹಿಟ್ಟಿನಲ್ಲಿ ಹತ್ತು ಹೋಳಿಗೆ ಲಟ್ಟಿಸಲು ಹೊರಟಂತೆ. ಜನ ಕಡಿಮೆ ಎಂದು ನೇರವಾಗಿ ಹೇಳದೆ ಜನ ಬೇಕು ಎಂದು ತಿಳಿಸುವ ಮಾತು ಇದು, ವ್ಯವಸ್ಥಾಪಕರಿಗೆ ಬಲು ಪ್ರಿಯ.

ಬಹುಕಾಲದಿಂದ ಸಹಿಸಿ ಸಹಿಸಿ ಸಾಕಾಗಿದ್ದರೆ ‘ಐ ಆ್ಯಮ್ ಅಟ್ ದ ಎಂಡ್ ಆಫ್ ಮೈ ಟೆದರ್’. ಟೆದರ್ ಎಂದರೆ ಮೇಯಲು ಬಿಟ್ಟ ದನವನ್ನು ಗೂಟಕ್ಕೆ ಕಟ್ಟಿದ ಹಗ್ಗ. ಸುತ್ತಲಿನ ಹುಲ್ಲು ಮುಗಿದಿದೆ, ಹಗ್ಗ ಬಿಗಿದಿದೆ, ಮುಂದೆ ಒಂದು ಹೆಜ್ಜೆಯೂ ಇಲ್ಲ. ಇಷ್ಟು ನಮ್ಮದೆನಿಸುವ ಚಿತ್ರ ಇಂಗ್ಲಿಷ್‌ನಲ್ಲಿ ನನಗೆ ಬೇರೆ ಸಿಕ್ಕಿಲ್ಲ. ಅಮೆರಿಕದವರು ಟೆದರ್ ಬದಲು ‘ರೋಪ್’ ಎನ್ನುತ್ತಾರೆ. ಏನು ಮಾಡಬೇಕೆಂದೇ ತೋಚದಿದ್ದರೆ ಅದು ‘ಅಟ್ ಮೈ ವಿಟ್ಸ್ ಎಂಡ್’. ಮೊದಲನೆಯದರಲ್ಲಿ ತಾಳ್ಮೆ ಮುಗಿದಿದೆ, ಎರಡನೆಯದರಲ್ಲಿ ಉಪಾಯ ಮುಗಿದಿದೆ.

ಹಂತ 3: ತೂಕ ಸರಿಯಾಗಿದೆಯೇ ಎಂದು ನೋಡಿ

‘ಎ ಬಿಟ್ ಸ್ಟ್ರೆಚ್ಡ್’ ಎಂಬುದು ಕೆಳಗಿನ ಮೆಟ್ಟಿಲು. ಅದರ ಮೇಲೆ ‘ಸ್ವಾಂಪ್ಡ್’, ಅದರ ಮೇಲೆ ‘ಓವರ್‌ವೆಲ್ಮ್ಡ್’, ಇನ್ನೂ ಮೇಲೆ ‘ಅಟ್ ಬ್ರೇಕಿಂಗ್ ಪಾಯಿಂಟ್’. ನಮ್ಮಲ್ಲಿ ಕಷ್ಟವನ್ನು ಸ್ವಲ್ಪ ಒಗ್ಗರಣೆ ಹಾಕಿಯೇ ಹೇಳುವ ರೂಢಿ. ‘ತಲೆ ಸಿಡಿದುಹೋಗುತ್ತಿದೆ’ ಎಂದವರು ಹತ್ತು ನಿಮಿಷದ ಮೇಲೆ ನಗುತ್ತ ಕಾಫಿ ಕುಡಿಯುತ್ತಿರುತ್ತಾರೆ. ಬ್ರಿಟಿಷರದು ಇದಕ್ಕೆ ವಿರುದ್ಧ. ಅವರು ‘ಎ ಬಿಟ್’ ಎಂದಾಗ ಬಹಳ ಎಂದೇ ಓದಿಕೊಳ್ಳಬೇಕಾಗುತ್ತದೆ. ಅವರ ಮುಂದೆ ಬ್ರೇಕಿಂಗ್ ಪಾಯಿಂಟ್ ಎಂದರೆ ನಾಳೆಯೇ ರಾಜೀನಾಮೆಯೋ ಎಂದು ಗಾಬರಿಯಾಗುತ್ತಾರೆ.

‘ಓವರ್‌ವೆಲ್ಮ್ಡ್’ ಪದಕ್ಕೆ ಎರಡು ಮುಖ. ಮಧ್ಯಕಾಲೀನ ಇಂಗ್ಲಿಷ್‌ನಲ್ಲಿ ‘ವೆಲ್ಮ್’ ಎಂದರೆ ಮಗುಚಿಹಾಕುವುದು. ಕಷ್ಟವೂ ಮಗುಚಬಹುದು, ಪ್ರೀತಿಯೂ ಮಗುಚಬಹುದು. ಸನ್ಮಾನದಲ್ಲಿ ಶಾಲು ಹೊದಿಸಿಕೊಂಡು ‘ಐ ಆ್ಯಮ್ ಓವರ್‌ವೆಲ್ಮ್ಡ್’ ಎಂದರೆ ಹೃದಯ ತುಂಬಿಬಂದಿದೆ ಎಂದರ್ಥ. ಸೋಮವಾರ ಬೆಳಗ್ಗೆ ಕಚೇರಿಯಲ್ಲಿ ಅದನ್ನೇ ಹೇಳಿದರೆ ಕುರ್ಚಿ ಎಳೆದು ಕೂರಿಸಿ ನೀರು ಕೊಡುತ್ತಾರೆ.

‘ಬರ್ನ್ಟ್ ಔಟ್’ ಎಂಬುದನ್ನು ಶುಕ್ರವಾರ ಸಂಜೆಯ ಸುಸ್ತಿಗೆ ಬಳಸುವವರನ್ನು ಕಂಡರೆ ನನಗೆ ಕಸಿವಿಸಿ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಈ ಪದವನ್ನು ಶಾಸ್ತ್ರೀಯ ಬರವಣಿಗೆಗೆ ತಂದದ್ದು ಉಚಿತ ಚಿಕಿತ್ಸಾಲಯಗಳಲ್ಲಿ ದುಡಿದು ದುಡಿದು ಬರಿದಾದವರನ್ನು ನೋಡಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೆಯ ಪರಿಷ್ಕರಣೆಯಲ್ಲಿ ಅದನ್ನು ರೋಗ ಎನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ವಿವರಿಸಿತು. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೆಲಸದ ದಕ್ಷತೆ ಕುಗ್ಗುವುದು ಎಂಬ ಮೂರು ಲಕ್ಷಣಗಳನ್ನು ಅದು ಗುರುತಿಸಿತು. ಭಾನುವಾರ ನಿದ್ದೆ ಮಾಡಿದರೆ ಹೋಗುವ ದಣಿವಿಗೆ ‘ವೋರ್ನ್ ಔಟ್’ ಅಥವಾ ಸಾದಾ ‘ಟೈರ್ಡ್’ ಸಾಕು. ಅಂದಹಾಗೆ ಅಮೆರಿಕದವರು ‘ಬರ್ನ್ಡ್ ಔಟ್’ ಎಂದು ಬರೆಯುತ್ತಾರೆ.

ಹಂತ 4: ಕನ್ನಡದಿಂದ ಹೊತ್ತು ತರಬಾರದ ಮಾತುಗಳು

ತಲೆಬಿಸಿಯಿಂದ ಆರಂಭಿಸೋಣ. ಅದನ್ನು ಹಾಗೆಯೇ ಸಾಗಿಸಿದರೆ ‘ಹಾಟ್ ಹೆಡೆಡ್’ ಆಗುತ್ತದೆ, ಅಂದರೆ ಮುಂಗೋಪಿ. ನಿಮ್ಮ ಚಿಂತೆ ಅಲ್ಲಿ ನಿಮ್ಮ ದುರ್ಗುಣವಾಗಿಬಿಟ್ಟಿತು. ‘ಐ ಆ್ಯಮ್ ವರಿಡ್ ಅಬೌಟ್ ಇಟ್’ ಎನ್ನಿ.

ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಎನ್ನುತ್ತೇವಲ್ಲ, ಇಂಗ್ಲಿಷ್‌ನಲ್ಲಿ ತಲೆ ಕೆರೆದುಕೊಳ್ಳುವವನು ಗೊಂದಲದಲ್ಲಿ ಬಿದ್ದವನು. ಅವನಿಗೆ ಪುರುಸೊತ್ತು ಬೇಕಾದಷ್ಟಿದೆ. ಉಸಿರಾಡಲು ಪುರುಸೊತ್ತಿಲ್ಲ ಎಂಬುದು ಮಾತ್ರ ಅದೃಷ್ಟಕ್ಕೆ ಎರಡೂ ಭಾಷೆಯಲ್ಲಿದೆ: ‘ಐ ಹ್ಯಾವ್‌ನ್ಟ್ ಹ್ಯಾಡ್ ಎ ಮೊಮೆಂಟ್ ಟು ಬ್ರೀದ್’.

ಅತ್ಯಂತ ಮೋಸಗಾರ ಜೋಡಿಯೆಂದರೆ ಕೈತುಂಬ ಕೆಲಸ ಮತ್ತು ‘ಹ್ಯಾಂಡ್ಸ್ ಫುಲ್’. ನಮಗೆ ಕೈತುಂಬ ಕೆಲಸ, ಕೈತುಂಬ ಸಂಬಳ ಎಂದರೆ ದೇವರು ಚೆನ್ನಾಗಿಟ್ಟಿದ್ದಾನೆ ಎಂದು. ‘ಐ ಹ್ಯಾವ್ ಮೈ ಹ್ಯಾಂಡ್ಸ್ ಫುಲ್’ ಎಂದರೆ ಇನ್ನೊಂದು ಕಡ್ಡಿಯನ್ನೂ ಎತ್ತಲಾರೆ ಎಂದು. ಸಂತೋಷದಿಂದ ಹೇಳಿದ ಮಾತು ನಿರಾಕರಣೆಯಾಗಿ ಕೇಳಿಸುತ್ತದೆ. ಸ್ವತಂತ್ರವಾಗಿ ಕೆಲಸ ಹಿಡಿಯುವವರು ಇದನ್ನು ವಿಶೇಷವಾಗಿ ನೆನಪಿಡಬೇಕು, ಗ್ರಾಹಕರು ಬೇರೆ ಕಡೆ ಹೋಗಿಬಿಡುತ್ತಾರೆ.

ಹಂತ 5: ನುಡಿಗಟ್ಟಿನ ಹಿಂದೆ ಲೆಕ್ಕ ಮತ್ತು ಕೋರಿಕೆ ಜೋಡಿಸಿ

ನುಡಿಗಟ್ಟು ಒಂಟಿಯಾಗಿ ಹೋದರೆ ಗೋಳಾಗಿ ಕೇಳಿಸುತ್ತದೆ. ಅದರ ಬೆನ್ನಿಗೆ ಎರಡು ಸಾಲು ಬೇಕು. ಮೊದಲು ಸ್ಥಿತಿ: ‘ಐ ಆ್ಯಮ್ ಎ ಬಿಟ್ ಸ್ನೋಡ್ ಅಂಡರ್ ದಿಸ್ ವೀಕ್’. ನಂತರ ಲೆಕ್ಕ: ‘ಐ ಹ್ಯಾವ್ ಥ್ರೀ ರಿಪೋರ್ಟ್ಸ್ ಡ್ಯೂ ಆನ್ ಫ್ರೈಡೆ’. ಕೊನೆಗೆ ಕೋರಿಕೆ: ‘ಕುಡ್ ವಿ ಮೂವ್ ದ ಥರ್ಡ್ ಟು ಮಂಡೆ?’ ಮೂರೇ ವಾಕ್ಯ. ಕ್ಷಮೆಯಾಚನೆಯ ಪೀಠಿಕೆ ಬೇಡ, ಜ್ವರ, ಟ್ರಾಫಿಕ್, ವಿದ್ಯುತ್ ಹೋದದ್ದು ಯಾವುದೂ ಬೇಡ. ನನ್ನ ಆ ತಿಂಗಳ ಕೊನೆಯ ಕರೆಯಲ್ಲಿ ಇಷ್ಟನ್ನೇ ಹೇಳಿದ್ದರೆ ಒಂದು ವರದಿ ಸೋಮವಾರಕ್ಕೆ ಹೋಗುತ್ತಿತ್ತು, ರಾಜಿ ಪಂಚಾಯಿತಿ ತಪ್ಪುತ್ತಿತ್ತು.

ಕೋರಿಕೆ ‘ಕುಡ್’ ಎಂದು ಪ್ರಶ್ನೆಯಾಗಿ ಬರಲಿ. ‘ಪ್ಲೀಸ್ ಡು ದ ನೀಡ್‌ಫುಲ್’ ಎಂಬ ನಮ್ಮ ಕಚೇರಿಗಳ ಪುರಾತನ ಶಾಸನ ಇಲ್ಲಿ ಉಪಯೋಗಕ್ಕೆ ಬಾರದು, ಬೇಕಾದದ್ದು ಏನೆಂದು ನೀವೇ ಹೇಳಬೇಕು.

ಸಂದರ್ಶನದಲ್ಲಿ ಒತ್ತಡವನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳುತ್ತಾರೆ. ಅಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಬೆಳೆದವರಿಗೆ ಅರ್ಧ ಶಬ್ದಕೋಶ ಆಗಲೇ ಬಾಯಲ್ಲಿದೆ. ರನ್ ಬಾರದ ಎಸೆತಗಳು ಸಾಲಾಗಿ ಬಂದರೆ ‘ಬಿಲ್ಡಿಂಗ್ ಪ್ರೆಶರ್’, ವಿಕೆಟ್ ಚೆಲ್ಲಿದರೆ ‘ಕ್ರಂಬಲ್ಡ್ ಅಂಡರ್ ಪ್ರೆಶರ್’, ನಿಂತು ಆಡಿದರೆ ‘ಸೋಕ್ಡ್ ಅಪ್ ದ ಪ್ರೆಶರ್’. ಆಸ್ಟ್ರೇಲಿಯದವರ ‘ಅಂಡರ್ ದ ಪಂಪ್’ ಎಂದರೂ ಒತ್ತಡದಲ್ಲಿದ್ದಾರೆ ಎಂದೇ ಅರ್ಥ. ‘ಐ ವರ್ಕ್ ವೆಲ್ ಅಂಡರ್ ಪ್ರೆಶರ್’ ಎಂಬ ಸವಕಲು ಸಾಲಿಗೆ ಯಾರೂ ಅಂಕ ಕೊಡುವುದಿಲ್ಲ. ಒಂದು ನಿಜವಾದ ದಿನದ ಕತೆ ಹೇಳಿ.

ಹಂತ 6: ವೈದ್ಯರ ಮುಂದೆ ನುಡಿಗಟ್ಟನ್ನು ಕೆಳಗಿಡಿ

ಹೊರದೇಶದಲ್ಲಿರುವ ಕನ್ನಡಿಗರಿಗೆ ಇದು ಮುಖ್ಯ. ಹಗ್ಗ, ದೋಣಿ, ತಟ್ಟೆ ಎಲ್ಲವೂ ಕಚೇರಿಗೆ ಇರಲಿ. ವೈದ್ಯರ ಬಳಿ ‘ಐ ಆ್ಯಮ್ ಸ್ಟ್ರಗ್ಲಿಂಗ್ ಟು ಕೋಪ್’ ಎಂದರೆ ಸಾಕು, ನಿಭಾಯಿಸಲು ಆಗುತ್ತಿಲ್ಲ ಎಂದರ್ಥ. ಆ ಮಾತನ್ನು ಅವರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜೊತೆಗೆ ಎಷ್ಟು ವಾರಗಳಿಂದ, ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತಿದೆಯೇ, ಎದೆ ಹೊಡೆದುಕೊಳ್ಳುತ್ತದೆಯೇ ಎಂಬುದನ್ನು ಸಾದಾ ಪದಗಳಲ್ಲಿ ಹೇಳಿ. ಬದುಕು ಬೇಡವೆನಿಸುವ ಯೋಚನೆ ಬಂದಿದ್ದರೆ ಅದನ್ನು ನಗೆಮಾತಿನಲ್ಲಿ ಸುತ್ತದೆ ಮೊದಲಿಗೇ ಹೇಳಿಬಿಡಿ.

ಭಾರತದಲ್ಲಿದ್ದರೆ ಇಂಗ್ಲಿಷ್‌ನ ಗೊಡವೆಯೇ ಬೇಡ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಸಂಖ್ಯೆ 14416, ಕರೆ ಉಚಿತ. ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಲ್ಲಿ ‘ತಲೆ ಕೆಟ್ಟುಹೋಗಿದೆ’ ಎಂದು ಕನ್ನಡದಲ್ಲೇ ಹೇಳಬಹುದು.

ಹಂತ 7: ಬೇರೆಯವರು ಹೇಳಿದಾಗ

ಯಾರಾದರೂ ‘ಐ ಆ್ಯಮ್ ರಿಯಲಿ ಸ್ಟ್ರೆಸ್ಡ್’ ಎಂದರೆ ನಮ್ಮ ಬಾಯಿಂದ ತಟ್ಟನೆ ಬರುವುದು ‘ಡೋಂಟ್ ಟೇಕ್ ಟೆನ್ಷನ್’ ಅಥವಾ ‘ರಿಲ್ಯಾಕ್ಸ್’. ಎರಡೂ ಅವರಿಗೆ ಗದರಿದಂತೆ ಕೇಳಿಸುತ್ತವೆ, ಅವರ ಕಷ್ಟವನ್ನು ಅಲ್ಲಗಳೆದಂತೆ. ‘ದಟ್ ಸೌಂಡ್ಸ್ ಟಫ್’ ಎಂದು ನಿಲ್ಲಿಸಿ, ಕೇಳಿಸಿಕೊಳ್ಳಿ. ಸಂಜೆ ಚಹಾಕ್ಕೆ ಕರೆದೊಯ್ದರೆ ಅವರೇ ‘ಐ ಜಸ್ಟ್ ನೀಡೆಡ್ ಟು ಲೆಟ್ ಆಫ್ ಸ್ಟೀಮ್’ ಎನ್ನುತ್ತಾರೆ. ಉಗಿಯಂತ್ರಗಳಿಂದ ಬಂದ ಮಾತಾದರೂ ಕುಕ್ಕರ್ ಸೀಟಿಯ ನಾಡಿನವರಾದ ನಮಗೆ ಅರ್ಥ ಹೇಳಿಕೊಡಬೇಕಾಗಿಲ್ಲ. ಸೀಟಿ ಕೂಗುವಾಗ ಮುಚ್ಚಳ ತೆಗೆಯಬಾರದು ಎಂಬುದೂ ನಮಗೆ ಗೊತ್ತು, ಆದ್ದರಿಂದ ಆ ಹೊತ್ತಿನಲ್ಲಿ ಸಲಹೆ ಬೇಡ.

ನಿಜವಾಗಿ ನೆರವಾಗುವ ಮನಸ್ಸಿದ್ದರೆ ‘ಕ್ಯಾನ್ ಐ ಟೇಕ್ ಎನಿಥಿಂಗ್ ಆಫ್ ಯುವರ್ ಪ್ಲೇಟ್?’ ಎಂದು ಕೇಳಿ. ನಿಮ್ಮ ತಟ್ಟೆಯಿಂದ ಏನಾದರೂ ತೆಗೆದುಕೊಳ್ಳಲೇ ಎಂದು. ನಮ್ಮಲ್ಲಿ ಊಟ ಮುಗಿಯುವ ಮೊದಲು ಎಲೆಗೆ ಕೈ ಹಾಕುವುದು ಮರ್ಯಾದೆಯಲ್ಲ ಎಂದು ಮೊದಮೊದಲು ನನಗೆ ಈ ಪ್ರಶ್ನೆ ಕೇಳಲು ನಾಲಗೆ ಏಳುತ್ತಿರಲಿಲ್ಲ. ಒಮ್ಮೆ ಕೇಳಿದೆ. ಎದುರಿನವರು ಮರುಮಾತಿಲ್ಲದೆ ಎರಡು ವರದಿಗಳನ್ನು ನನ್ನ ಕಡೆ ತಳ್ಳಿದರು.